ಮೂವತ್ತರಿಂದ ಮೂವತ್ತೆಂಟೂವರೆಗೆ

2023ರ ಯುಗಾದಿ ಮುಗಿದ ಮಾರನೇ ದಿನ ಭಾವ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ್ರು. ಭಾವನ ಫಾರ್ವರ್ಡುಗಳನ್ನ ನಾನು ಸಾಮಾನ್ಯವಾಗಿ ತೆರೆಯೋದೇ ಇಲ್ಲ. ಬೆಳಿಗ್ಗೆ ಬಿಸಿನೀರಿಗೆ ಜೀರಿಗೆ, ಸಂಜೆ ದೇಶದ ಭವಿಷ್ಯ, ಹೀಗೆ ಬರ್ತಾ ಇರುತ್ತವೆ. ಆದರೆ ಇದರ ಕೆಳಗೆ ಅವರೇ ಕೈಯಾರೆ ಟೈಪ್ ಮಾಡಿದ್ದ ಎರಡು ಸಾಲಿತ್ತು: "ಮಾವನಿಗೆ ಇದು ಮಾಡಿಸೋಣ. ದುಡ್ಡಿಗೆ ಯೋಚನೆ ಮಾಡಬೇಡ, ಕೆರೆ ಹಿಂದಿನ ಎಕರೆ ಮಾರಿದ್ರಾಯ್ತು."

ಪಿಡಿಎಫ್ ತೆರೆದೆ. ಮುಖಪುಟದಲ್ಲಿ ಕೆಂಪು ಹೃದಯ, ಅದರೊಳಗಿಂದ ಮೊಳಕೆ ಒಡೆದ ಎರಡೆಲೆಯ ಸಸಿ. ಬೆಂಗಳೂರಿನ ಒಂದು ಕ್ಲಿನಿಕ್ಕು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುತ್ತೆ, ಮೂರು ಸಿಟ್ಟಿಂಗು, ಒಟ್ಟು ಆರೂವರೆ ಲಕ್ಷ. ಹೆಸರು ಬರೆಯೋದಿಲ್ಲ. ಇಂಥವು ಒಂದೇ ಇಲ್ಲ, ಮತ್ತೆ ನನ್ನ ಜಗಳ ಒಂದು ಬೋರ್ಡಿನ ಮೇಲೂ ಅಲ್ಲ.

ಹಿನ್ನೆಲೆ ಇಷ್ಟು. ನಮ್ಮದು ತಿಪಟೂರು ಸೀಮೆ, ತೆಂಗಿನ ತೋಟ. ಹಿಂದಿನ ದೀಪಾವಳಿಯಲ್ಲಿ ಅಪ್ಪನಿಗೆ ಎದೆ ಉರಿ ಶುರುವಾಯ್ತು. ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿದ್ರು, ಓಮ ಅಗಿದ್ರು, ರಾತ್ರಿಯೆಲ್ಲ ಜಗಲಿ ಮೇಲೆ ಕೂತಿದ್ರು. ಬೆಳಿಗ್ಗೆ ಕಾರು ಸಿಕ್ಕು ಬೆಂಗಳೂರು ಸೇರೋ ಹೊತ್ತಿಗೆ ಹೃದಯದ ಒಂದು ಭಾಗ ಹೋಗಿಯಾಗಿತ್ತು. ಸ್ಟೆಂಟ್ ಹಾಕಿದ್ರು, ಜೀವ ಉಳೀತು. ಎಕೋ ರಿಪೋರ್ಟಿನಲ್ಲಿ ಮಾತ್ರ ಇಎಫ್ 30 ಅಂತಿತ್ತು. ಐದು ತಿಂಗಳಾದ ಮೇಲೂ 30. ಇಎಫ್ ಅಂದ್ರೆ ಇಜೆಕ್ಷನ್ ಫ್ರ್ಯಾಕ್ಷನ್. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನ ಒಂದು ಬಡಿತ ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ. ಆರೋಗ್ಯವಂತರಿಗೆ 55ರ ಮೇಲಿರುತ್ತೆ. ಮೂವತ್ತರಲ್ಲಿ ಅಪ್ಪ ಕೊಟ್ಟಿಗೆಯಿಂದ ಮನೆಗೆ ಬರೋದ್ರೊಳಗೆ ಎರಡು ಸಲ ನಿಲ್ತಿದ್ರು.

ಮನೆಯಲ್ಲಿ ಬಿಇ ಓದಿದವನು ನಾನೊಬ್ಬನೇ. ಓದಿದ್ದು ಕಂಪ್ಯೂಟರ್ ಸೈನ್ಸು, ಆದರೆ ಊರಲ್ಲಿ ಅದು ಲೆಕ್ಕಕ್ಕಿಲ್ಲ. ಮೋಟರು ಕೆಟ್ರೂ ನನ್ನ ಕೇಳ್ತಾರೆ, ಹೃದಯ ಕೆಟ್ರೂ ನನ್ನ ಕೇಳ್ತಾರೆ. ನಾನು ಹೂಂ ಅಂದ್ರೆ ಎಕರೆ ಹೋಗುತ್ತೆ, ಊಹೂಂ ಅಂದ್ರೆ ನಾಳೆ ಅಪ್ಪನಿಗೆ ಏನಾದ್ರೂ ಆದ್ರೆ "ಅವನೇ ಬೇಡ ಅಂದ" ಅಂತಾಗುತ್ತೆ. ಹಾಗಾಗಿ ಓದಲು ಕೂತೆ.

ಮೊದಲು ಆ ಮೊಳಕೆಯ ಚಿತ್ರ. ಸ್ಟೆಮ್ ಸೆಲ್ಲಿಗೆ ನಮ್ಮಲ್ಲಿ ಕಾಂಡಕೋಶ ಅಂತಾರೆ, ಆಕರಕೋಶ ಅಂತಲೂ ಬರೀತಾರೆ. ಕಾಂಡ ಅಂದ ಕೂಡಲೇ ಕೃಷಿಕರ ಮನೆಯವನಿಗೆ ಗಿಡ ಕಣ್ಣಮುಂದೆ ಬರುತ್ತೆ. ನೆಡೋದು, ನೀರು ಹಾಕೋದು, ಚಿಗುರೋದು. ಅಪ್ಪನಿಗೆ ಫೋನಲ್ಲಿ ಹೇಳಿದಾಗ ಅವರು ಕೇಳಿದ್ದೂ ಅದನ್ನೇ: "ಅಂದ್ರೆ ಸತ್ತ ಜಾಗಕ್ಕೆ ಪೈರು ನಾಟಿ ಹಾಕ್ತಾರಾ?" ಹೌದು, ಹಾಗೆ ಅಂತ ನಾನೂ ಅಂದೆ. ಇಡೀ ಕ್ಷೇತ್ರವನ್ನ ಇಪ್ಪತ್ತು ವರ್ಷ ನಡೆಸಿಕೊಂಡು ಬಂದದ್ದು ಇದೇ ಚಿತ್ರ ಅಂತ ಆಮೇಲೆ ಗೊತ್ತಾಯ್ತು.

ಶುರುವಾಗಿದ್ದು 2001ರಲ್ಲಿ. ನ್ಯೂಯಾರ್ಕ್ ಮೆಡಿಕಲ್ ಕಾಲೇಜಿನ ಪಿಯೆರೊ ಅನ್ವೆರ್ಸಾ ತಂಡ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಇಲಿಗಳಿಗೆ ಹೃದಯಾಘಾತ ಮಾಡಿಸಿ, ಪಕ್ಕದಲ್ಲೇ ಅಸ್ಥಿಮಜ್ಜೆಯ ಕೋಶಗಳನ್ನ ಚುಚ್ಚಿದ್ರು. ಒಂಬತ್ತೇ ದಿನಕ್ಕೆ ಸತ್ತ ಭಾಗದ ಶೇಕಡಾ 68ರಷ್ಟು ಜಾಗದಲ್ಲಿ ಹೊಸ ಸ್ನಾಯು ಬೆಳೆದಿದೆ ಅಂದ್ರು. ಅದೇ ವರ್ಷ ಜರ್ಮನಿಯಲ್ಲಿ ಮನುಷ್ಯರಿಗೂ ಕೊಡೋಕೆ ಶುರುಮಾಡಿದ್ರು. ಇಲಿಯ ಫಲಿತಾಂಶದ ಶಾಯಿ ಒಣಗಿರಲಿಲ್ಲ! ನಮ್ಮ ಆಫೀಸಿನಲ್ಲಿ ಡೆವಲಪರ್ ಲ್ಯಾಪ್‌ಟಾಪಲ್ಲಿ ಓಡಿದ ಕೋಡನ್ನ ಅದೇ ದಿನ ಪ್ರೊಡಕ್ಷನ್ನಿಗೆ ಹಾಕಿದ್ರೆ ಮ್ಯಾನೇಜರ್ ಕರೆದು ಕೂರಿಸ್ತಾರೆ.

2004ರಲ್ಲಿ ಅದೇ ನೇಚರ್ ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನ ಪರೀಕ್ಷೆ ಮಾಡಿ ಬರೆದವು. ಮಜ್ಜೆಯ ಕೋಶ ಹೃದಯಕ್ಕೆ ಹೋಗಿ ಹೃದಯದ ಸ್ನಾಯುವಾಗೋದಿಲ್ಲ, ರಕ್ತದ ಕೋಶವಾಗೇ ಉಳಿಯುತ್ತೆ ಅಂತ. ಅಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ. ಅಷ್ಟು ಹೊತ್ತಿಗೆ ಅನ್ವೆರ್ಸಾ ಇನ್ನೊಂದು ಹೇಳಿದ್ರು: ಹೃದಯದೊಳಗೇ ಅದರದೇ ಆಕರಕೋಶ ಇದೆ, ಸಿ-ಕಿಟ್ ಅನ್ನೋ ಗುರುತಿನಿಂದ ಹುಡುಕಿ ತೆಗೀಬಹುದು. ಆಮೇಲೆ ಅವರು ಹಾರ್ವರ್ಡಿಗೆ ಸೇರಿದ ಬ್ರಿಗಮ್ ಆಸ್ಪತ್ರೆಗೆ ಹೋದ್ರು. ಅನುದಾನ ಬಂತು, ಹಿಂಬಾಲಕರು ಬಂದ್ರು.

ಈಗ ನನ್ನ ಪಿಡಿಎಫ್. ಅದರ ಒಂಬತ್ತನೇ ಪುಟದಲ್ಲಿ ಒಂದು ಗ್ರಾಫ್ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ ಲ್ಯಾನ್ಸೆಟ್, 2011. ಸ್ಕಿಪಿಯೊ ಅನ್ನೋ ಟ್ರಯಲ್ಲು, ಅಮೆರಿಕದ ಲೂಯಿವಿಲ್‌ನಲ್ಲಿ ನಡೆದದ್ದು. ಬೈಪಾಸ್ ಮಾಡಿಸಿಕೊಂಡ ರೋಗಿಗಳ ಹೃದಯದ ಒಂದು ಚೂರು ತೆಗೆದು, ಅನ್ವೆರ್ಸಾ ಲ್ಯಾಬಿನಲ್ಲಿ ಆ ಕೋಶಗಳನ್ನ ಬೆಳೆಸಿ, ವಾಪಸ್ ಹೃದಯದ ರಕ್ತನಾಳಕ್ಕೆ ಬಿಟ್ಟಿದ್ದು. ನಾಲ್ಕು ತಿಂಗಳಲ್ಲಿ ಇಎಫ್ 30.3ರಿಂದ 38.5ಕ್ಕೆ ಏರಿತ್ತು.

ಮೂವತ್ತು. ಅಪ್ಪನ ನಂಬರು.

ಅವತ್ತು ರಾತ್ರಿ ನಾನು ಮಾಡಿದ ಕೆಲಸ ಹೇಳೋಕೆ ಈಗ ನಾಚಿಕೆ. ಎಕ್ಸೆಲ್ ಶೀಟ್ ತೆಗೆದು ಎಕರೆಯ ರೇಟು, ಸಿಗೋ ಸಾಲ, ನನ್ನ ಪಿಎಫ್ಫು ಎಲ್ಲ ಹಾಕಿ, ಜಮೀನು ಮಾರದೇ ಆರೂವರೆ ಲಕ್ಷ ಹೊಂದಿಸೋದು ಹೇಗೆ ಅಂತ ಕೂಡಿಸ್ತಾ ಕೂತಿದ್ದೆ. ದಿನಾ ಎ/ಬಿ ಟೆಸ್ಟಿನ ಫಲಿತಾಂಶ ನೋಡಿ "ಸ್ಯಾಂಪಲ್ ಸಾಲದು" ಅಂತ ಬೇರೆಯವರನ್ನ ಬೈಯೋ ನಾನು, ಆ ಗ್ರಾಫಿನಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿರಲಿಲ್ಲ. ಇದ್ದದ್ದು ಹದಿನಾಲ್ಕು ಜನ.

ಬೆಳಿಗ್ಗೆ ಮೂಲ ಪ್ರಬಂಧ ಹುಡುಕಿದೆ. 2019ರಲ್ಲೇ ಲ್ಯಾನ್ಸೆಟ್ ಅದನ್ನ ಹಿಂತೆಗೆದುಕೊಂಡಿತ್ತು.

ಹಿಂದಿನ ಕತೆ ಇನ್ನೂ ದೊಡ್ಡದು. 2017ರಲ್ಲಿ ಬ್ರಿಗಮ್ ಆಸ್ಪತ್ರೆ ಮತ್ತು ಅದರ ಮಾತೃಸಂಸ್ಥೆ, ಈ ಲ್ಯಾಬು ಸುಳ್ಳು ದತ್ತಾಂಶ ತೋರಿಸಿ ಸರ್ಕಾರಿ ಅನುದಾನ ಪಡೆದಿತ್ತು ಅನ್ನೋ ಆರೋಪವನ್ನ ಬಗೆಹರಿಸಿಕೊಳ್ಳಲು ಅಮೆರಿಕ ಸರ್ಕಾರಕ್ಕೆ 1 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡವು. 2018ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಮತ್ತು ಬ್ರಿಗಮ್ ಸೇರಿ, ಆ ಲ್ಯಾಬಿನಿಂದ ಬಂದ 31 ಪ್ರಬಂಧಗಳನ್ನ ಹಿಂತೆಗೆದುಕೊಳ್ಳಿ ಅಂತ ಪತ್ರಿಕೆಗಳಿಗೆ ಹೇಳಿದವು. ಇಷ್ಟೆಲ್ಲ ಆಗಿ ವರ್ಷಗಳಾದ ಮೇಲೂ ಅದರದ್ದೇ ಗ್ರಾಫು ಬೆಂಗಳೂರಿನ ಕ್ಲಿನಿಕ್ಕಿನ ಪಿಡಿಎಫ್‌ನಲ್ಲಿ ಕೂತಿದೆ, ಅಲ್ಲಿಂದ ನಮ್ಮ ಭಾವನ ಫೋನಿಗೆ ಬಂದಿದೆ. ಲೈಬ್ರರಿಯನ್ನ ಮೂಲದಲ್ಲೇ ಅಳಿಸಿದ್ರೂ ಯಾರದೋ ಹಳೇ ಸರ್ವರಿನಲ್ಲಿ ಅದರ ಕಾಪಿ ಓಡ್ತಾನೇ ಇರುತ್ತಲ್ಲ, ಹಾಗೆ.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನ ಹೇಳದೇ ಹೋದ್ರೆ ಅನ್ಯಾಯ. ಲ್ಯಾನ್ಸೆಟ್ ತನ್ನ ಟಿಪ್ಪಣಿಯಲ್ಲಿ ಲೂಯಿವಿಲ್‌ನ ಡಾಕ್ಟರುಗಳ ಕೆಲಸದ ಬಗ್ಗೆ ತಕರಾರಿಲ್ಲ, ಅವರು ನಂಬಿಕೆಯಿಂದಲೇ ಮಾಡಿದ್ರು, ನಂಬಲಾಗದ್ದು ಲ್ಯಾಬಿನ ಕೆಲಸ ಅಂತ ಸ್ಪಷ್ಟವಾಗಿ ಹೇಳಿತು. ಹಾಗಾದರೆ ಯೋಚನೆ ಮಾಡಿ. ರೋಗಿಯ ಎದೆಗೆ ಹೋದದ್ದು ಏನು ಅನ್ನೋದೇ ಅನುಮಾನ, ಆದ್ರೂ 30.3 ಹೋಗಿ 38.5 ಆಯ್ತು. ನಂಬರು ಏರಿದ್ದು ಯಾಕೆ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಮೋಸ ಮಾಡಿದವರನ್ನ ಬೈದು ಕೈತೊಳೆಯೋದು ಸುಲಭ. ಮೋಸ ಇಲ್ಲದ ಕಡೆಯೂ ನಂಬರು ಏರ್ತಿತ್ತಲ್ಲ, ಅದು ಹೇಗೆ?

ಇಎಫ್ ಅನ್ನೋದು ತೂಕದ ಹಾಗೆ ಕಲ್ಲಿಟ್ಟು ಅಳೆಯೋ ಸಂಗತಿಯಲ್ಲ. ಎಕೋದಲ್ಲಿ ಪರದೆ ಮೇಲೆ ಹೃದಯದ ಗೋಡೆಯ ಅಂಚನ್ನ ಒಬ್ಬ ಮನುಷ್ಯ ಗುರುತಿಸ್ತಾನೆ. ಇವತ್ತು ಒಬ್ಬ, ನಾಳೆ ಇನ್ನೊಬ್ಬ ಅಳೆದ್ರೆ ಐದು ಅಂಕ ಆಚೀಚೆ ಆಗೋದು ಮಾಮೂಲು. ಈ ರೋಗಿಗೆ ಕೋಶ ಕೊಟ್ಟಿದ್ದೀವಿ ಅಂತ ಅಳೆಯುವವನಿಗೆ ಗೊತ್ತಿದ್ರೆ ಕೈ ತಾನಾಗೇ ಆ ಕಡೆ ವಾಲುತ್ತೆ. ಜೊತೆಗೆ, ಆಘಾತದಲ್ಲಿ ಸಾಯದೇ ಬರೀ ಮರಗಟ್ಟಿದ ಸ್ನಾಯು ತಾನಾಗೇ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಮಾತ್ರೆಗಳು ಕೆಲಸ ಮಾಡ್ತವೆ. ಅತೀ ಕೆಟ್ಟ ದಿನದ ಅಳತೆ ಇಟ್ಕೊಂಡು ಶುರುಮಾಡಿದ್ರೆ ಮುಂದಿನ ಅಳತೆ ಚೆನ್ನಾಗೇ ಕಾಣುತ್ತೆ. ಇದನ್ನೆಲ್ಲ ಕಳೆಯೋಕೆ ಇರೋ ಉಪಾಯ ಹಳೇದು: ಚೀಟಿ ಎತ್ತಿದ ಹಾಗೆ ರೋಗಿಗಳನ್ನ ಎರಡು ಗುಂಪು ಮಾಡೋದು, ಯಾರಿಗೆ ಏನು ಕೊಟ್ಟಿದೆ ಅಂತ ರೋಗಿಗೂ ಅಳೆಯುವವನಿಗೂ ಗೊತ್ತಾಗದ ಹಾಗೆ ನೋಡ್ಕೊಳ್ಳೋದು. ಸ್ಕಿಪಿಯೊದಲ್ಲಿ ಯಾರಿಗೆ ಕೊಟ್ಟಿದೆ ಅನ್ನೋದು ಮುಚ್ಚಿಟ್ಟ ಗುಟ್ಟಾಗಿರಲಿಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಾರೆಲ್ ಫ್ರಾನ್ಸಿಸ್ ಮತ್ತವರ ತಂಡ 2014ರಲ್ಲಿ ಬಿಎಂಜೆಯಲ್ಲಿ ಒಂದು ಕೆಲಸ ಪ್ರಕಟಿಸಿದ್ರು. ನಾನು ಓದಿದ ಅತ್ಯುತ್ತಮ ಕೋಡ್ ರಿವ್ಯೂ ಅದು. ಅಸ್ಥಿಮಜ್ಜೆ ಕೋಶಗಳಿಂದ ಹೃದಯಕ್ಕೆ ಚಿಕಿತ್ಸೆ ಮಾಡಿದ 49 ಟ್ರಯಲ್‌ಗಳ 133 ವರದಿಗಳನ್ನ ಎದುರಿಗಿಟ್ಟುಕೊಂಡು ಕೂಡಿಸಿ ಕಳೆದು ನೋಡಿದ್ರು. ಒಂದು ಕಡೆ ಚೀಟಿ ಎತ್ತಿದ್ದೀವಿ ಅಂತ, ಇನ್ನೊಂದು ಕಡೆ ಎತ್ತಿಲ್ಲ ಅಂತ. ಪಟ್ಟಿಯಲ್ಲಿ ಒಂದು ಸಂಖ್ಯೆ, ಚಿತ್ರದಲ್ಲಿ ಇನ್ನೊಂದು. ಇಂಥ 604 ತಾಳಮೇಳವಿಲ್ಲದ ಸಂಗತಿ ಸಿಕ್ಕವು. ಆಮೇಲೆ ತಪ್ಪುಗಳ ಸಂಖ್ಯೆಯನ್ನೂ ಇಎಫ್ ಏರಿಕೆಯನ್ನೂ ಪಕ್ಕಪಕ್ಕ ಇಟ್ರು. ಮೂವತ್ತಕ್ಕಿಂತ ಹೆಚ್ಚು ತಪ್ಪಿದ್ದ ಐದು ಟ್ರಯಲ್‌ಗಳಲ್ಲಿ ಇಎಫ್ ಸರಾಸರಿ 7.7 ಅಂಕ ಏರಿತ್ತು. ಒಂದೂ ತಪ್ಪಿಲ್ಲದ ಐದರಲ್ಲಿ ಏರಿಕೆ ಮೈನಸ್ 0.4. ಅಂದ್ರೆ ಸೊನ್ನೆ.

ಈ ಸಾಲನ್ನ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಟೀ ಕುಡಿಯೋಕೆ ಹೋದೆ.

"ಸಣ್ಣ ಟ್ರಯಲ್ ಬಿಡಿ, ದೊಡ್ಡವು?" ಅಂತ ಕೇಳಬಹುದು. ಯುರೋಪಿನಲ್ಲಿ ಬಾಮಿ ಅನ್ನೋ ಟ್ರಯಲ್ಲು 3000 ರೋಗಿಗಳನ್ನ ಸೇರಿಸಿ, ಇಎಫ್ ಬಿಟ್ಟು ಸಾವನ್ನೇ ಎಣಿಸೋಣ ಅಂತ ಹೊರಟಿತು. ಸೇರಿದ್ದು 375 ಜನ. 2020ರಲ್ಲಿ ಫಲಿತಾಂಶ ಬಂದಾಗ ಎರಡು ವರ್ಷದೊಳಗೆ ತೀರಿಕೊಂಡವರು ಕೋಶ ಪಡೆದವರಲ್ಲಿ ಶೇಕಡಾ 3.26, ಪಡೆಯದವರಲ್ಲಿ 3.82. ಏನನ್ನೂ ಹೇಳೋಕಾಗದ ವ್ಯತ್ಯಾಸ. 2023ರಲ್ಲಿ ಬಂದ ಡ್ರೀಮ್-ಎಚ್‌ಎಫ್ ಟ್ರಯಲ್ಲಿನಲ್ಲಿ 537 ಜನ. ಪದೇಪದೇ ಆಸ್ಪತ್ರೆ ಸೇರೋದು ಕಡಿಮೆಯಾಗುತ್ತಾ ಅನ್ನೋದು ಮುಖ್ಯ ಪ್ರಶ್ನೆ. ಆಗಲಿಲ್ಲ. ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾದ ಹಾಗೆ ಕಂಡವು, ಅದೂ ರಕ್ತದಲ್ಲಿ ಉರಿಯೂತದ ಗುರುತು ಜಾಸ್ತಿ ಇದ್ದವರಲ್ಲಿ ಹೆಚ್ಚು. ಅದು ಮುಂದಿನ ಟ್ರಯಲ್ಲಿಗೆ ಒಳ್ಳೇ ಸುಳಿವು, ಬಿಲ್ ಹಾಕೋಕೆ ಆಧಾರ ಅಲ್ಲ.

ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡದ ಕೆಲಸವಂತೂ ಮಜಾ ಇದೆ. ಇಲಿಗಳ ಹೃದಯಕ್ಕೆ ಜೀವಂತ ಕೋಶ ಚುಚ್ಚಿದ್ರೂ, ಸಾಯಿಸಿದ ಕೋಶ ಚುಚ್ಚಿದ್ರೂ, ಜೈಮೋಸಾನ್ ಅಂತ ಈಸ್ಟಿನಿಂದ ತೆಗೆದ ಒಂದು ವಸ್ತುವನ್ನ ಚುಚ್ಚಿದ್ರೂ ಒಂದೇ ಥರ ಸ್ವಲ್ಪ ಉಪಕಾರವಾಯ್ತು. ಚುಚ್ಚಿದ ಜಾಗಕ್ಕೆ ದೇಹದ ರಕ್ಷಣಾ ಕೋಶಗಳು ಓಡಿಬಂದು ಗಾಯದ ಕಲೆಯನ್ನ ಗಟ್ಟಿಮಾಡಿದ್ದೇ ಕಾರಣ ಅಂತ ಅವರು ತೋರಿಸಿದ್ರು. ಅಂದ್ರೆ ಸಸಿ ನೆಟ್ಟಿದ್ದಲ್ಲ ಸ್ವಾಮಿ, ಗುಂಡಿ ತೋಡಿದ್ದಷ್ಟೇ ಫಲ.

ಹಾಗಂತ ಕೋಶದ ವಿಜ್ಞಾನವೇ ಬೂಟಾಟಿಕೆ ಅನ್ನೋ ಸಾಲಿನಲ್ಲಿ ನಾನು ನಿಲ್ಲೋದಿಲ್ಲ. ರಕ್ತದ ಕ್ಯಾನ್ಸರಿಗೆ ಮಜ್ಜೆಯ ಕಸಿ ದಶಕಗಳಿಂದ ಜೀವ ಉಳಿಸ್ತಾ ಇದೆ. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಕೋಶೌಷಧಿಗೆ, ಕಾಲಿನ ರಕ್ತನಾಳ ಕಟ್ಟಿ ಹುಣ್ಣಾಗೋ ಕಾಯಿಲೆಗೆ ಬಳಸಲು ಕೇಂದ್ರ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ಅದು ಟ್ರಯಲ್ ಮಾಡಿ, ಕಾಗದ ಕೊಟ್ಟು, ವರ್ಷಗಟ್ಟಲೆ ಕಾದು ಪಡೆದದ್ದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಲ್ಯಾಬಿನಲ್ಲೇ ಬೆಳೆಸಿದ ಹೃದಯ ಸ್ನಾಯುವಿನ ತೇಪೆಯನ್ನ ಕೋತಿಗಳಿಗೂ, ಆಮೇಲೆ ಒಬ್ಬ ಮಹಿಳೆಗೂ ಹಾಕಿದ್ದನ್ನ 2025ರಲ್ಲಿ ನೇಚರ್‌ನಲ್ಲಿ ಬರೆದಿದ್ದಾರೆ. ಒಬ್ಬರೇ ರೋಗಿ, ಅದನ್ನ ಒಬ್ಬರೇ ಅಂತಲೇ ಹೇಳಿದ್ದಾರೆ. ಇದು ಮುಂದೆ ಏನಾದ್ರೂ ಆಗಬಹುದು. ನನ್ನ ತಕರಾರು ಆ ಮುಂದಿನದನ್ನ ಇವತ್ತೇ ಮಾರೋದರ ಮೇಲೆ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಐಸಿಎಂಆರ್ 2017ರ ಮಾರ್ಗಸೂಚಿ ತೆಗೆದು ನೋಡಿ. ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡೋ ಮಜ್ಜೆಯ ಕಸಿಯಂಥದ್ದನ್ನ ಬಿಟ್ರೆ ಉಳಿದ ಬಳಕೆಯೆಲ್ಲ ಸಂಶೋಧನೆ, ಅನುಮತಿ ಪಡೆದ ಟ್ರಯಲ್ಲಿನೊಳಗೆ ಮಾತ್ರ ಮಾಡಬೇಕು ಅಂತಿದೆ. ಟ್ರಯಲ್ಲಿಗೆ ಸೇರಿದ ರೋಗಿಯ ಹತ್ರ ಆ ಚಿಕಿತ್ಸೆಗೆ ದುಡ್ಡು ತಗೊಳ್ಳೋ ಹಾಗಿಲ್ಲ. ಟ್ರಯಲ್ಲು ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿರಬೇಕು, ಅದನ್ನ ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದು.

ಇಷ್ಟು ತಿಳ್ಕೊಂಡು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಕೌನ್ಸೆಲರ್ ಹುಡುಗ ಬಹಳ ಮರ್ಯಾದಸ್ಥ. "ನಿಮ್ಮ ಸಿಟಿಆರ್‌ಐ ನಂಬರ್ ಕೊಡ್ತೀರಾ?" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಸರ್, ಇದು ಟ್ರಯಲ್ ಅಲ್ಲ ಸರ್, ಟ್ರೀಟ್‌ಮೆಂಟು. ನಿಮ್ಮ ಫಾದರ್ ಮೇಲೆ ನಾವು ಎಕ್ಸ್‌ಪೆರಿಮೆಂಟ್ ಮಾಡಲ್ಲ." ಧೈರ್ಯ ತುಂಬೋ ಹಾಗೆಯೇ ಹೇಳಿದ. ನಿಯಮದ ಪ್ರಕಾರ ಅವನ ಕಡೆಯಿಂದ ಬರಬಾರದಿದ್ದ ಉತ್ತರವೂ ಅದೇ. ಒಂಬತ್ತನೇ ಪುಟದ ಗ್ರಾಫಿನ ಬಗ್ಗೆ ಕೇಳಿದೆ. ಡಾಕ್ಟರ ಹತ್ರ ಕೇಳಿ ವಾಪಸ್ ಕರೀತೀನಿ ಅಂದ. ಕರೀಲಿಲ್ಲ.

ಭಾವನಿಗೆ ಹೇಳೋದು ಇದಕ್ಕಿಂತ ಕಷ್ಟವಾಯ್ತು. "ಭಾವ, ನೀವು ಹೇಳಿದ್ದು ಅಪ್ಪನ ಒಳ್ಳೇದಕ್ಕೇ, ಆದ್ರೆ ಇದು ಬೇಡ" ಅಂದೆ. ಅವರು, "ನೀನು ಎಲ್ಲದಕ್ಕೂ ಪ್ರೂಫ್ ಕೇಳ್ತೀಯ. ಮನುಷ್ಯ ಹೋದ್ಮೇಲೆ ಪ್ರೂಫ್ ಇಟ್ಕೊಂಡು ಏನ್ ಮಾಡ್ತೀಯ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಅವಸರ ಪ್ರೀತಿಯದ್ದು, ಕ್ಲಿನಿಕ್ಕು ವ್ಯಾಪಾರ ಮಾಡೋದು ಅದರ ಮೇಲೇನೇ.

ಅಪ್ಪನಿಗೆ ಊರಿಗೇ ಹೋಗಿ ಹೇಳಿದೆ. ಹೃದಯದ ಕೋಶಗಳು ಹೊಸದಾಗಿ ಹುಟ್ಟೋದು ತೀರಾ ಕಮ್ಮಿ, ಇಪ್ಪತ್ತೈದರ ವಯಸ್ಸಿನಲ್ಲೇ ವರ್ಷಕ್ಕೆ ನೂರಕ್ಕೆ ಒಂದು, ಎಪ್ಪತ್ತೈದರ ಹೊತ್ತಿಗೆ ಅದರ ಅರ್ಧಕ್ಕಿಂತ ಕಮ್ಮಿ ಅಂತ ಸ್ವೀಡನ್ನಿನವರು ಲೆಕ್ಕ ಹಾಕಿದ್ದನ್ನ ವಿವರಿಸಿದೆ. ಅಪ್ಪ ಕೇಳಿಸ್ಕೊಂಡು, ತೋಟದ ಕಡೆ ನೋಡ್ತಾ ಅಂದ್ರು: "ನುಗ್ಗೆ ಮರ ಬುಡಕ್ಕೆ ಕಡುದ್ರೂ ಚಿಗುರ್ತದೆ. ತೆಂಗು ಹಂಗಲ್ಲ ಕಣಪ್ಪ. ಸುಳಿ ಕೊಳೆತ್ರೆ ಮುಗೀತು. ಇದು ತೆಂಗಿನ ಜಾತಿ ಅನ್ನು." ನಾನು ಹದಿನೈದು ದಿನ ಓದಿದ್ದನ್ನ ಅಪ್ಪ ಮೂರು ಮಾತಲ್ಲಿ ಮುಗಿಸಿದ್ರು. ಆಮೇಲೆ ಕೇಳಿದ್ರು: "ಸರಿ, ಇರೋ ಮರಾನ ಉಳಿಸ್ಕೊಳ್ಳೋಕೆ ಏನ್ ಮಾಡಬೇಕು ಹೇಳು."

ಅದಕ್ಕೆ ಉತ್ತರ ಇತ್ತು, ಮತ್ತೆ ಅದು ಅಗ್ಗದ್ದಾಗಿತ್ತು. ಹೃದಯ ದುರ್ಬಲವಾದವರಿಗೆ ಈಗ ನಾಲ್ಕು ಬಗೆಯ ಮಾತ್ರೆ ಒಟ್ಟಿಗೆ ಕೊಡ್ತಾರೆ. ಅದರಲ್ಲೊಂದು ಡಪಾಗ್ಲಿಫ್ಲೋಜಿನ್, ಮೊದಲು ಸಕ್ಕರೆ ಕಾಯಿಲೆಗೆ ಅಂತ ಬಂದದ್ದು. 2019ರ ಟ್ರಯಲ್ಲಿನಲ್ಲಿ 4744 ರೋಗಿಗಳು. ಹೃದಯದ ತೊಂದರೆ ಉಲ್ಬಣಿಸಿದವರು ಅಥವಾ ಹೃದ್ರೋಗದಿಂದ ತೀರಿಕೊಂಡವರು ಸುಳ್ಳುಮಾತ್ರೆ ಗುಂಪಿನಲ್ಲಿ ನೂರಕ್ಕೆ 21.2, ಮಾತ್ರೆಯ ಗುಂಪಿನಲ್ಲಿ 16.3. ಇನ್ನೊಂದು ಸಕ್ಯುಬಿಟ್ರಿಲ್-ವಾಲ್ಸಾರ್ಟನ್. 2023ರ ಜನವರಿಯಲ್ಲಿ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳು ಮಾಡೋಕೆ ಶುರುಮಾಡಿದ ಮೇಲೆ ರೇಟು ಇಳೀತು. ಈ ಮಾತ್ರೆಗಳಿಗೆ ಮೊಳಕೆಯ ಚಿತ್ರ ಇಲ್ಲ. ಸತ್ತದ್ದನ್ನ ಬದುಕಿಸ್ತೀವಿ ಅಂತ ಹೇಳಲ್ಲ. ಹಾಗಾಗಿ ಯಾರ ಭಾವನೂ ಫಾರ್ವರ್ಡ್ ಮಾಡಲ್ಲ.

ಅಪ್ಪನನ್ನ ನೋಡ್ತಿದ್ದ ಸರ್ಕಾರಿ ಹೃದ್ರೋಗ ಆಸ್ಪತ್ರೆಯ ಡಾಕ್ಟರ ಹತ್ರ ಹೋದೆವು. ಬಿಪಿ, ಕಿಡ್ನಿ ಪರೀಕ್ಷೆ ನೋಡ್ಕೊಂಡು ಒಂದೊಂದಾಗಿ ಮಾತ್ರೆ ಸೇರಿಸಿ ಡೋಸು ಏರಿಸಿದ್ರು. ಉಪ್ಪಿನಕಾಯಿ, ಹಪ್ಪಳ ನಿಂತವು. ನಾನೊಂದು ತೂಕದ ಮಿಷನ್ ತಂದುಕೊಟ್ಟೆ. ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ, ಕೂಡಲೇ ಫೋನ್ ಮಾಡಬೇಕು ಅಂದಿದ್ರು ಡಾಕ್ಟರು.

ಎಂಟು ತಿಂಗಳಾದ ಮೇಲೆ ಎಕೋ ಮಾಡಿಸಿದಾಗ ಇಎಫ್ 36.

ಖುಷಿಯಾಯ್ತು, ಸುಳ್ಳು ಹೇಳಲ್ಲ. ಬಸ್ ಸ್ಟ್ಯಾಂಡಿನಲ್ಲೇ ಭಾವನಿಗೆ ಫೋನ್ ಮಾಡಿದೆ. ಆಮೇಲೆ ಬಸ್ಸಿನಲ್ಲಿ ಕೂತಾಗ ಹೊಳೀತು: ಅವತ್ತು ಹೂಂ ಅಂದು ಎಕರೆ ಮಾರಿದ್ರೂ ಅಪ್ಪ ಈ ಮಾತ್ರೆಗಳನ್ನ ತಗೊಳ್ತಾನೇ ಇದ್ರು, ಬಹುಶಃ ಇಎಫ್ ಹೀಗೇ ಏರ್ತಿತ್ತು. ಆಗ ಈ ಆರು ಅಂಕ ಯಾರ ಖಾತೆಗೆ ಹೋಗ್ತಿತ್ತು? ಕ್ಲಿನಿಕ್ಕಿನವರು ಅಪ್ಪನ ಫೋಟೋನ ಆ ಪಿಡಿಎಫ್‌ನ ಹತ್ತನೇ ಪುಟಕ್ಕೆ ಹಾಕ್ತಿದ್ರು. ಭಾವ ನಾಲ್ಕು ಜನಕ್ಕೆ ಹೇಳ್ತಿದ್ರು, ನಾನೂ ಹೇಳ್ತಿದ್ದೆ. ಯಾರೂ ಸುಳ್ಳು ಹೇಳಿದ ಹಾಗೆ ಆಗ್ತಿರಲಿಲ್ಲ. ಇಷ್ಟು ಬರೆದವನು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: 30ಕ್ಕೂ 36ಕ್ಕೂ ಮಧ್ಯದ ಅಂತರದಲ್ಲಿ ಎಷ್ಟು ಮಾತ್ರೆಯದ್ದು, ಎಷ್ಟು ಆವತ್ತು ಅಳೆದ ಟೆಕ್ನಿಷಿಯನ್ನಿನ ಕೈಯದ್ದು ಅಂತ ಒಬ್ಬ ರೋಗಿಯನ್ನ ನೋಡಿ ಹೇಳೋಕಾಗಲ್ಲ. ಮಾತ್ರೆಯನ್ನ ನಾನು ನಂಬೋದು ಅಪ್ಪನ 36ರಿಂದ ಅಲ್ಲ, ಆ 4744 ಜನರಿಂದ.

ಕೆರೆ ಹಿಂದಿನ ಎಕರೆ ಇನ್ನೂ ನಮ್ಮದೇ ಇದೆ. ಅಪ್ಪ ಈಗ ಕೊಟ್ಟಿಗೆಯಿಂದ ಮನೆಗೆ ಒಂದು ಸಲ ನಿಂತು ಬರ್ತಾರೆ. ಬೆಳಿಗ್ಗೆ ಎದ್ದು ಮಿಷನ್ ಹತ್ತಿ, ಆವತ್ತಿನ ತೂಕವನ್ನ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೀತಾರೆ. ಹೋದ ವಾರ ಊರಿಗೆ ಹೋದಾಗ ನೋಡಿದೆ, ಒಂದು ದಿನವೂ ಬಿಟ್ಟಿಲ್ಲ.